ಕ್ಯಾಪ್ಟನ್ ಮನೆಯ ಲಾಗ್‌ಬುಕ್

ಆ ಮನೆಯಲ್ಲಿ ಉಪ್ಪು ಮುಗಿದರೂ ಲಾಗ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಮುಂಬಾಗಿಲಿನ ಪಕ್ಕದ ಮೇಜಿನ ಮೇಲೆ ದಪ್ಪ ರಟ್ಟಿನ ಪುಸ್ತಕ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಯಾರು ಎಷ್ಟು ಗಂಟೆಗೆ ಹೊರಗೆ ಹೋದರು, ಎಷ್ಟಕ್ಕೆ ಬಂದರು, ಗ್ಯಾಸ್ ಸಿಲಿಂಡರ್ ಯಾವತ್ತು ಬದಲಾಯಿತು, ಹಾಲು ಎಷ್ಟು ನಿಮಿಷ ತಡ, ಎಲ್ಲವೂ ಅದರೊಳಗೆ. ಕ್ಯಾಪ್ಟನ್ ನೌಕಾಪಡೆ ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹಡಗಿನಲ್ಲಿ ಕಲಿತ ಗುಣವೂ ಹಾಗೇ ಇರಬೇಕು.

ನಿಯಮ ಮೂರೇ. ಕಂಡದ್ದು, ಕೇಳಿದ್ದು ಬರೆಯಬೇಕು, ಊಹೆ ಬರೆಯಬಾರದು. ತಪ್ಪಾದರೆ ಅಳಿಸಬಾರದು, ಕೆಳಗಿನದು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಪುಟವನ್ನಂತೂ ಹರಿಯಲೇಬಾರದು. ಹಾಳೆಯ ಒಂದೇ ಮಗ್ಗುಲಿಗೆ ಬರೆಯುವುದು, ಒಂದೊಂದು ಪುಟಕ್ಕೂ ಕ್ಯಾಪ್ಟನ್ ತಾವೇ ನಂಬರು ಹಾಕಿದ್ದರು. ಸಂಜೆ ಆರಕ್ಕೆ ಆ ದಿನದ ಪುಟದ ಕೊನೆಗೆ ಅವರ ಸಹಿ ಬೀಳುತ್ತಿತ್ತು: ಗಾಳದ ಕೊಕ್ಕೆಯಂತೆ ಬಾಗಿದ ಒಂದು ಅಕ್ಷರ, ಅದರ ಕೆಳಗೆ ಎರಡು ಚುಕ್ಕೆ. ಮಗಳು, ಅಳಿಯ, ಹದಿನಾಲ್ಕು ವರ್ಷದ ಮೊಮ್ಮಗಳು, ಎಲ್ಲರಿಗೂ ಬರೆಯುವ ಪಾಳಿಯಿತ್ತು. ಹೆಂಡತಿಗೆ ಮಾತ್ರ ಇರಲಿಲ್ಲ. “ಅಡುಗೆಮನೆಗೆ ಪಾಳಿ ಇಲ್ಲ” ಎಂದು ಕ್ಯಾಪ್ಟನ್ ಮೊದಲ ದಿನವೇ ಹೇಳಿಬಿಟ್ಟಿದ್ದರು. ಪಾಳಿಯೇ ಇಲ್ಲದೆ ಇಡೀ ದಿನ ದುಡಿಯುವವರನ್ನು ಪಾಪ, ಯಾವ ಕಾಲಮಿನಲ್ಲಿ ಬರೆಯುವುದು!

ಆ ತಿಂಗಳ ಮೊದಲ ಸೋಮವಾರ ನೌಕಾಪಡೆಯ ಮುದ್ರೆಯಿದ್ದ ಲಕೋಟೆ ಬಂತು. ಕ್ಯಾಪ್ಟನ್ನರಿಗೆ ಶೌರ್ಯಪದಕ ತಂದುಕೊಟ್ಟ ಹಡಗನ್ನು ಸೇವೆಯಿಂದ ಬಿಡಿಸುತ್ತಿದ್ದರು. ತಿಂಗಳ ಕೊನೆಯಲ್ಲಿ ಬೀಳ್ಕೊಡುಗೆ, ಇವರೇ ಮುಖ್ಯ ಅತಿಥಿ. ಪದಕಗಳನ್ನೆಲ್ಲ ಧರಿಸಿ ಬರಬೇಕೆಂದು ಕೋರಿಕೆ. ಜೊತೆಗೆ ಮೂವತ್ತೊಂದು ವರ್ಷದ ಹಿಂದಿನ ಪ್ರಶಸ್ತಿಪತ್ರದ ನಕಲನ್ನೂ ಇಟ್ಟಿದ್ದರು. ಕ್ಯಾಪ್ಟನ್ ತಿಂಡಿ ಬಿಟ್ಟು ಎದ್ದುನಿಂತು ಓದಿದರು.

“‘ತನ್ನ ಪ್ರಾಣದ ಹಂಗು ತೊರೆದು, ಉರಿಯುತ್ತಿದ್ದ ಎಂಜಿನ್ ಕೊಠಡಿಗೆ ಒಬ್ಬರೇ ಇಳಿದು, ಇಂಧನದ ವಾಲ್ವು ಮುಚ್ಚಿ, ನೂರ ಎಂಬತ್ತು ಜನರ ಜೀವ ಉಳಿಸಿದ...’”

“ಮಾವ, ಮೊಟ್ಟೆ ತಣ್ಣಗಾಗ್ತಿದೆ” ಎಂದ ಅಳಿಯ. ಅವನು ಬೇಕರಿಯಲ್ಲಿ ಕೆಲಸ ಮಾಡುವವನು. ತಣ್ಣಗಾದ ತಿಂಡಿ ಕಂಡರೆ ಅವನಿಗೆ ಸಂಕಟ. “ನೂರ ಎಂಬತ್ತು ಜನರನ್ನ ಉಳಿಸಿದೋರು ಅದನ್ನೂ ಸ್ವಲ್ಪ ಉಳಿಸಿ.”

ಮೊಮ್ಮಗಳು ಕಿಸಕ್ಕನೆ ನಕ್ಕಳು. ಕ್ಯಾಪ್ಟನ್ ಹೆಂಡತಿಯ ಕಡೆ ತಿರುಗಿದರು. “ಒಂಬತ್ತು ಪದಕಕ್ಕೂ ಹೊಸ ರಿಬ್ಬನ್ ಹಾಕು. ಸಾಲು ತಪ್ಪಬಾರದು.”

“ಹ್ಞೂಂ” ಎಂದರು ಯಜಮಾನಿ. ಯಾವ ಪದಕದ ಪಕ್ಕ ಯಾವುದು ಬರಬೇಕು, ಯಾವುದು ಮೊದಲು, ಯಾವುದು ಕೊನೆ, ಇದೆಲ್ಲ ಗಂಡನಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಪ್ರತಿ ಭಾನುವಾರ ಹಳೇ ಬನಿಯನ್ ತುಂಡಿನಲ್ಲಿ ಒಂಬತ್ತನ್ನೂ ಉಜ್ಜಿ ಹೊಳೆಸುತ್ತಿದ್ದವರು ಅವರೇ ತಾನೆ.

ಅದೇ ದಿನ ನೀರಿನ ಪಂಪು ಕೈಕೊಟ್ಟಿತು. ಹಿಂದಿನ ಬೀದಿಯ ರಿಪೇರಿ ಅಂಗಡಿಯಿಂದ ಬೋಲ್ಟಣ್ಣ ಬಂದ. ಊರೆಲ್ಲ ಅವನನ್ನು ಕರೆಯುತ್ತಿದ್ದುದು ಹಾಗೇ. ಅರವತ್ತರ ಆಸುಪಾಸು, ಬಡಕಲು ಮೈ, ಎರಡೂ ಕೈಗಳ ಬೆರಳು ಅರ್ಧ ಮಡಚಿಕೊಂಡೇ ಇರುತ್ತಿದ್ದವು. ಅವನೂ ಒಂದು ಕಾಲದಲ್ಲಿ ಅದೇ ಹಡಗಿನಲ್ಲಿ ಎಂಜಿನ್ ನಾವಿಕನಾಗಿದ್ದವನು. ಹತ್ತೊಂಬತ್ತು ವರ್ಷದಿಂದ ಹಿಂಬಾಗಿಲಿನಿಂದ ಬಂದು, ಪಂಪು ಸರಿಮಾಡಿ, ಮೆಟ್ಟಿಲ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದ. ಹಿಂಬಾಗಿಲಿನಿಂದ ಬಂದವರನ್ನು ಲಾಗ್‌ಬುಕ್ಕಿಗೆ ಸೇರಿಸುವ ಪದ್ಧತಿ ಇರಲಿಲ್ಲ.

“ಚಹಾ ಕೊಡು, ಬಿಸಿ ಬಾಣಲೆ ಮಾತ್ರ ಅವನ ಕೈಗೆ ಕೊಡಬೇಡ” ಎಂದು ಕ್ಯಾಪ್ಟನ್ ಒಳಗಿನಿಂದ ಕೂಗಿದರು. ಅದು ಆ ಮನೆಯ ಹಳೇ ಜೋಕು. ಬೋಲ್ಟಣ್ಣ ಹಡಗಿನ ಅಡುಗೆಮನೆಯಲ್ಲಿ ಬಿಸಿ ಎಣ್ಣೆ ಚೆಲ್ಲಿಕೊಂಡು ಕೈ ಸುಟ್ಟುಕೊಂಡವನು ಅಂತ ಎಲ್ಲರಿಗೂ ಗೊತ್ತು. ಪ್ರತಿ ಸಲ ಅವನೂ ನಗುತ್ತಿದ್ದ. ಈ ಸಲ ನಗಲಿಲ್ಲ. ಬಲಗೈಗೆ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲೇ ಸ್ಪ್ಯಾನರ್ ತಿರುಗಿಸಿದ, ಚಹಾ ಅರ್ಧಕ್ಕೇ ಬಿಟ್ಟು ಹೋದ.

ಬುಧವಾರ ಆಸ್ಪತ್ರೆಯ ಮೂರನೇ ನಂಬರ್ ಕಿಟಕಿಗೆ ಅವನೇ ಬಂದು ನಿಂತಾಗ ಒಳಗೆ ಕೂತಿದ್ದವಳು ಕ್ಯಾಪ್ಟನ್ನರ ಮಗಳು. ರೋಗಿಗಳ ದಾಖಲೆ ನೋಡಿಕೊಳ್ಳುವುದು ಅವಳ ಕೆಲಸ.

“ಬೋಲ್ಟಣ್ಣ? ನೀವೇನಿಲ್ಲಿ?”

“ಏನಿಲ್ಲಮ್ಮ, ಕೈಯಲ್ಲೊಂದು ಹುಣ್ಣು. ವಾಸಿ ಆಗ್ತಿಲ್ಲ. ಡಾಕ್ಟ್ರು ಈ ಕಾಗದಕ್ಕೆಲ್ಲ ಸೀಲ್ ಹಾಕಿಸ್ಕೊಂಡು ಬಾ ಅಂದ್ರು.”

ಅವಳು ಫೈಲು ಬಿಡಿಸಿದಳು. ಹಳೇ ಸುಟ್ಟ ಕಲೆಯ ಮೇಲೆ ಹುಣ್ಣು, ಕೆಟ್ಟ ಜಾತಿಯದು, ಬೇಗ ಕತ್ತರಿಸಿ ತೆಗೆಯದಿದ್ದರೆ ಕೈಯೇ ಹೋಗುತ್ತದೆ. ಇಲ್ಲಿ ಸರದಿ ಬರಲು ಏಳು ತಿಂಗಳು. ನೌಕಾಪಡೆಯ ಆಸ್ಪತ್ರೆಯಲ್ಲಾದರೆ ಒಂದು ವಾರ, ಆದರೆ ಕರ್ತವ್ಯದಲ್ಲಿದ್ದಾಗ ಆದ ಗಾಯ ಅನ್ನುವುದಕ್ಕೆ ದಾಖಲೆ ಬೇಕು. ಬೋಲ್ಟಣ್ಣ ಮೂರು ಸಲ ಅರ್ಜಿ ಹಾಕಿದ್ದ, ಮೂರು ಸಲವೂ ಇಲ್ಲ ಎಂದಿದ್ದರು. ಕೊನೆಯ ಮೇಲ್ಮನವಿಗೆ ಇದೇ ತಿಂಗಳ ಇಪ್ಪತ್ತೆಂಟು ಗಡುವು. ಅದರ ಹಿಂದೆ, ಅರ್ಜಿ ತಿರಸ್ಕರಿಸಲು ಕಾರಣವಾದ ಹಳೇ ವರದಿಯ ನಕಲು: ‘ಸದರಿ ನಾವಿಕ ಹಡಗಿನ ಅಡುಗೆಮನೆಯಲ್ಲಿ ಸ್ವಂತ ಅಜಾಗರೂಕತೆಯಿಂದ ಬಿಸಿ ಎಣ್ಣೆ ಚೆಲ್ಲಿಕೊಂಡು ಎರಡೂ ಅಂಗೈ ಸುಟ್ಟುಕೊಂಡಿರುತ್ತಾನೆ.’

ತಾರೀಕು ಅವಳಿಗೆ ಬಾಯಿಪಾಠವಾಗಿತ್ತು. ಅಪ್ಪನ ಶೌರ್ಯಪದಕದ ಬೆನ್ನಿಗೆ ಕೆತ್ತಿದ್ದು ಅದೇ ತಾರೀಕು. ವರದಿಯ ಕೆಳಗಿನ ಸಹಿಯನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ. ಬಾಗಿದ ಕೊಕ್ಕೆ, ಎರಡು ಚುಕ್ಕೆ.

“ಕೈ ತೋರಿಸಿ” ಎಂದಳು. ಅವನು ಎಡಗೈ ಚಾಚಿದ. ಅಂಗೈಗೆ ಅಡ್ಡಲಾಗಿ ಕಮಾನಿನಂತೆ ಬಾಗಿದ ದಪ್ಪ ಕಲೆ. ಎಣ್ಣೆ ಚೆಲ್ಲಿದರೆ ಹೀಗೆ ಸುಡುವುದಿಲ್ಲ. ಕಾದ ಕಬ್ಬಿಣದ ಚಕ್ರ ಹಿಡಿದರೆ ಸುಡುತ್ತದೆ.

“ನಿಜ ಹೇಳಿ ಬೋಲ್ಟಣ್ಣ. ಎಲ್ಲಿ ಸುಟ್ಟಿದ್ದು?”

ಅವನ ಹಿಂದೆ ಸಾಲು ಬೆಳೆದಿತ್ತು. ಯಾರೋ ಗೊಣಗಿದರು. “ನಿಮ್ಮ ತಂದೆಯವರನ್ನೇ ಕೇಳಿಯಮ್ಮ” ಎಂದು ಅವನು ಫೈಲು ಕಂಕುಳಿಗೆ ಸೇರಿಸಿದ. “ಅವರಿಗೆ ಚೆನ್ನಾಗಿ ಗೊತ್ತು.”

ಆ ಸಂಜೆ ಊಟಕ್ಕೆ ಹುರಿದ ಮೀನು, ಬೇಯಿಸಿದ ಆಲೂಗಡ್ಡೆ. ಮಗಳು ವರದಿಯ ನಕಲನ್ನು ಅಪ್ಪನ ತಟ್ಟೆಯ ಪಕ್ಕ ಇಟ್ಟಳು.

“ಈ ಸಹಿ ಯಾರದು?”

ಕ್ಯಾಪ್ಟನ್ ಕನ್ನಡಕ ಹಾಕಿಕೊಂಡು ನೋಡಿ, ಕನ್ನಡಕ ತೆಗೆದರು. “ಆಸ್ಪತ್ರೆ ಕಾಗದ ಮನೆಗೆ ತರೋದು ಶಿಸ್ತಲ್ಲ.”

“ಸಹಿ ಯಾರದು ಅಂತ ಕೇಳಿದೆ.”

“ನಂದೇ. ಏನೀಗ?”

“ಅವತ್ತು ಎಂಜಿನ್ ಕೊಠಡಿಗೆ ಇಳಿದದ್ದು ಯಾರು?”

“ದಾಖಲೆಯಲ್ಲಿ ಏನಿದೆಯೋ ಅದೇ.”

“ದಾಖಲೆ ಬರೆದೋರು ನೀವೇ ಅಲ್ವಾ!”

ಅಳಿಯ ಆಲೂಗಡ್ಡೆಯ ಬಟ್ಟಲನ್ನು ಇಬ್ಬರ ಮಧ್ಯೆ ದೂಡಿದ. ಯಾರೂ ಮುಟ್ಟಲಿಲ್ಲ. ಕ್ಯಾಪ್ಟನ್ ಚಮಚ ಕೆಳಗಿಟ್ಟರು. “ನಿನಗೆ ಹಡಗು ಗೊತ್ತಿಲ್ಲ. ಅವನಿಗೆ ಅವತ್ತು ಅಲ್ಲಿ ಕೆಲಸವೇ ಇರಲಿಲ್ಲ. ಪಾಳಿ ಮುಗಿಸಿದೋನು ಅಪ್ಪಣೆ ಇಲ್ಲದೆ ನುಗ್ಗಿದ. ಹಾಗಂತ ಬರೆದಿದ್ರೆ ವಿಚಾರಣೆ ಆಗ್ತಿತ್ತು, ಅವನ ಕೆಲಸ ಹೋಗ್ತಿತ್ತು. ಅಡುಗೆಮನೆ ಅಂತ ಬರೆದು ನಾನೇ ಅವನನ್ನ ಉಳಿಸಿದ್ದು.”

“ಉಳಿಸಿದ್ರಾ? ಒಂದೇ ವರ್ಷಕ್ಕೆ ಕೈ ಕೆಲಸಕ್ಕೆ ಬರಲ್ಲ ಅಂತ ಮನೆಗೆ ಕಳಿಸಿದ್ರಲ್ಲ! ನೀವು ಪದಕ ಹಾಕ್ಕೊಂಡ್ರಿ, ಅವರು ಹಿಂಬಾಗಿಲಲ್ಲಿ ಕೂತ್ಕೊಂಡು ಬಾಣಲೆ ಜೋಕಿಗೆ ನಗಬೇಕು. ಏರಿದ ಏಣಿಯನ್ನೇ ಒದೆಯೋದು ಅಂದ್ರೆ ಇದೇ!”

“ಬಾಯಿ ಮುಚ್ಚು!”

“ಈ ಮನೆಯಲ್ಲಿ ಬಾಯಿ ಮುಚ್ಚಿದ್ದು ಸಾಕು. ಇಪ್ಪತ್ತೆಂಟಕ್ಕೆ ಮುಂಚೆ ಒಂದು ಹಾಳೆ ಬರೆದುಕೊಡಿ. ಗಾಯ ಎಂಜಿನ್ ಕೊಠಡಿಯಲ್ಲಿ ಆಯ್ತು ಅಂತ. ಅಷ್ಟೇ. ಅವರ ಕೈ ಉಳಿಯುತ್ತೆ.”

“ಸಮಾರಂಭದ ವಾರದಲ್ಲಿ? ಊರೆಲ್ಲ ನನ್ನ ಮುಖಕ್ಕೆ ಉಗೀಲಿ ಅಂತ?”

ಮಗಳು ಅಮ್ಮನ ಕಡೆ ತಿರುಗಿದಳು. ಯಜಮಾನಿ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಒಂದು ಮೀನಿಗೆ ಅಷ್ಟು ಮುಳ್ಳು ಇರುವುದಿಲ್ಲ. “ಅಮ್ಮ, ನಿನಗೆ ಗೊತ್ತಿತ್ತಾ?”

“ಊಟ ಮಾಡಿ. ತಣ್ಣಗಾಗುತ್ತೆ.”

“ಗೊತ್ತಿತ್ತು!” ಎಂದು ಮಗಳು ತಟ್ಟೆ ಎತ್ತಿಕೊಂಡು ಹೋಗಿ ಸಿಂಕಿಗೆ ಎಸೆದಳು. ಪಿಂಗಾಣಿ ಎರಡು ಹೋಳಾಯಿತು. ಅಳಿಯ ಎದ್ದುಹೋಗಿ ಚೂರು ಆರಿಸತೊಡಗಿದ. “ಅಳಿಯ ಮನೆ ತೊಳಿಯ ಅಂತ ಸುಮ್ನೆ ಅಂದಿಲ್ಲ” ಎಂದ. ಯಾರೂ ನಗಲಿಲ್ಲ.

ಮರುದಿನ ಅಡುಗೆಮನೆಯಲ್ಲಿ ತಾಯಿಮಗಳ ಸರದಿ. ಯಜಮಾನಿ ಬ್ರೆಡ್ಡು ಕೊಯ್ಯುತ್ತಾ, ತಲೆ ಎತ್ತದೆ ಹೇಳಿದರು. “ಅವತ್ತು ಸಂಜೆ ಮನೆಗೆ ಬಂದೋರೇ ಇಲ್ಲಿ ಕೂತು ಅತ್ತರು. ‘ನಾನು ಎಂಜಿನ್ ಕೊಠಡಿ ಬಾಗಿಲಲ್ಲಿ ನಿಂತಿದ್ದೆ, ಒಳಗೆ ಕಾಲಿಡೋಕಾಗಲಿಲ್ಲ, ಅವನು ನನ್ನ ಪಕ್ಕದಿಂದ ನುಗ್ಗಿ ಹೋದ’ ಅಂದ್ರು. ವಾಲ್ವಿನ ಚಕ್ರಕ್ಕೆ ಅವನ ಅಂಗೈ ಚರ್ಮ ಅಂಟಿಕೊಂಡಿತ್ತಂತೆ. ಎರಡು ತಿಂಗಳಿಗೆ ಪದಕ ಬಂತು. ಆಮೇಲೆ ಬಡ್ತಿ. ನಿನಗೆ ಆಗ ನಾಲ್ಕು ವರ್ಷ. ನಾನು ಬಾಯಿ ಬಿಡಲಿಲ್ಲ.”

“ಮೂವತ್ತೊಂದು ವರ್ಷ ಅದನ್ನ ಉಜ್ಜಿ ಹೊಳೆಸಿದ್ಯಲ್ಲಮ್ಮ!”

“ಅವನಿಗೆ ಚಹಾ ಕೊಡ್ತಿದ್ದೆ. ಸಕ್ಕರೆ ಜಾಸ್ತಿ ಹಾಕ್ತಿದ್ದೆ” ಎಂದರು ಯಜಮಾನಿ. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಅಂತ ಅವರಿಗೇ ಅನ್ನಿಸಿ ಮುಖ ಕೆಂಪಾಯಿತು.

“ನಿನಗೂ ಒಂದು ಪದಕ ಕೊಡಬೇಕಿತ್ತು” ಎಂದಳು ಮಗಳು. ಚೀಲ ಹೆಗಲಿಗೆ ಹಾಕಿಕೊಂಡು, ಲಾಗ್‌ಬುಕ್ಕಿಗೆ ಸಹಿ ಮಾಡದೆ ಕೆಲಸಕ್ಕೆ ಹೋದಳು.

ಆ ಮಾತು ಯಜಮಾನಿಗೆ ನಾಟಿತು. ನಾಲ್ಕು ದಿನ ಅವರು ಗಂಡನ ಜೊತೆ ಮಾತಾಡಲಿಲ್ಲ. ಮಗಳು ಇಬ್ಬರ ಜೊತೆಗೂ ಮಾತಾಡಲಿಲ್ಲ. ಸುದ್ದಿ ಸಾಗಿಸುವ ಕೆಲಸ ಮೊಮ್ಮಗಳ ಪಾಲಿಗೆ ಬಂತು. “ಅಜ್ಜೀ, ತಾತನ ಷರ್ಟಿಗೆ ಗುಂಡಿ ಬೇಕಂತೆ.” “ಗುಂಡಿ ಡಬ್ಬದಲ್ಲಿದೆ, ಕೈ ಅವರ ಹತ್ರಾನೇ ಇದೆ ಅಂತ ಹೇಳು.” ಅವಳು ಹಾಗೇ ಹೇಳಿದಳು. ಈ ವಯಸ್ಸಿನವರಿಗೆ ಇಂಥ ಸುದ್ದಿ ಒಪ್ಪಿಸುವುದೆಂದರೆ ಬಹಳ ಇಷ್ಟ.

ಎರಡನೇ ವಾರ ಪದಕಗಳನ್ನು ಸಾಲಾಗಿ ಹೊಲಿದ ಬಟ್ಟೆಪಟ್ಟಿ ಸಿದ್ಧವಾಗಿ ಮೇಜಿನ ಮೇಲೆ ಬಂತು. ಹೊಸ ರಿಬ್ಬನ್ನು, ನೇರ ಹೊಲಿಗೆ, ಪದಕ ಎಂಟು. ಒಂಬತ್ತನೆಯದು ಪಕ್ಕದಲ್ಲಿ ಬಿಡಿಯಾಗಿ ಬಿದ್ದಿತ್ತು, ಉಜ್ಜದೆ ಮಂಕಾಗಿ.

“ಇದು ಯಾಕೆ ಹೊಲಿದಿಲ್ಲ?”

“ನನ್ನ ಸೂಜಿ ಅದಕ್ಕೆ ಹೋಗಲ್ಲ” ಎಂದರು ಯಜಮಾನಿ. “ನೀವು ಆ ಹಾಳೆ ಬರೆದುಕೊಡಿ. ಹೋಗುತ್ತೇನೋ ನೋಡೋಣ.”

“ಹೆಂಡತಿ ನನಗೆ ಷರತ್ತು ಹಾಕ್ತಾಳೆ!”

“ಹಾಕಿದೆ.”

ಕ್ಯಾಪ್ಟನ್ ಸಿಟ್ಟಿನಲ್ಲಿ ಎಲ್ಲವನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ದರ್ಜಿಯ ಬಳಿ ಹೋದರು. ದರ್ಜಿ ಪಾಪ ಮದುವೆ ಕೋಟು ಹೊಲಿಯುವವನು. ಬಣ್ಣ ಹೊಂದುವಂತೆ ಜೋಡಿಸಿ, ಎಲ್ಲಕ್ಕಿಂತ ಮೊದಲು ಬರಬೇಕಾದ ಶೌರ್ಯಪದಕವನ್ನು ಕಟ್ಟಕಡೆಗೆ ಹೊಲಿದುಕೊಟ್ಟ. ಅಂಗಡಿಯಲ್ಲೇ ಅವನಿಗೆ ಬೈದು, ಅದನ್ನು ಕಿತ್ತು ಮನೆಗೆ ತಂದರು. ಒಂಬತ್ತನೆಯದು ಮತ್ತೆ ಬಿಡಿಯಾಯಿತು.

ಅವರು ಬಂದಾಗ ಯಜಮಾನಿ ಮುಂಬಾಗಿಲ ಮೇಜಿನ ಮುಂದೆ ಕೂತು ಬರೆಯುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಪುಟ 212. ಅಕ್ಷರ ದಪ್ಪ, ಸಾಲು ಸ್ವಲ್ಪ ವಾರೆ.

‘ಹಡಗಿಗೆ ಬೆಂಕಿ ಬಿದ್ದ ದಿನ ನನ್ನ ಗಂಡನ ಬಾಯಿಂದ ನಾನು ಕೇಳಿದ್ದು. ಎಂಜಿನ್ ಕೊಠಡಿಗೆ ಇಳಿದು ವಾಲ್ವು ಮುಚ್ಚಿದ್ದು ಈಗ ನಮ್ಮ ಪಂಪು ರಿಪೇರಿ ಮಾಡುವವರು. ಅವರ ಕೈ ಸುಟ್ಟಿದ್ದು ಅಲ್ಲೇ. ಆಗ ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ಅಡುಗೆಮನೆ, ಎಣ್ಣೆ ಎಲ್ಲ ಸುಳ್ಳು.’

“ನಿನಗೆ ಪಾಳಿ ಇಲ್ಲ!” ಎಂದು ಕ್ಯಾಪ್ಟನ್ ಗುಡುಗಿದರು.

“ಈಗ ತಗೊಂಡೆ. ಅಳಿಸೋ ಹಾಗಿಲ್ಲ, ಸುಳ್ಳಾದ್ರೆ ಗೆರೆ ಎಳೆದು ಸಹಿ ಹಾಕಿ. ನಿಜವಾದ್ರೆ ಸಂಜೆ ಕೆಳಗೆ ಸಹಿ ಹಾಕಿ. ನಿಮ್ಮ ನಿಯಮವೇ ಅಲ್ವಾ?”

ಸಂಜೆ ಆರಕ್ಕೆ ಕ್ಯಾಪ್ಟನ್ ಮೇಜಿನ ಮುಂದೆ ಬಹಳ ಹೊತ್ತು ನಿಂತರು. ಮರುದಿನ ಪಾಳಿಗೆ ಬಂದ ಮೊಮ್ಮಗಳು ನೋಡುತ್ತಾಳೆ, 211ರ ಮುಂದೆ 213. ಅವಳು ಅಚ್ಚುಕಟ್ಟಾಗಿ ಬರೆದಳು: ‘7.10. ಪುಟ 212 ಇಲ್ಲ.’

ತಿಂಡಿಯ ಹೊತ್ತಿಗೆ ತಾತನ ಕಣ್ಣಿಗೆ ಬಿತ್ತು. “ಯಾರು ಬರೆದದ್ದು ಇದನ್ನ?”

“ನನ್ನ ಪಾಳಿ ತಾತ. ಕಂಡದ್ದು ಬರೀಬೇಕು ಅಂತ ನೀವೇ ಹೇಳಿದ್ದು.”

“ಹರಿದದ್ದು ಯಾರು ಅಂತ ಬರೆದಿಲ್ವಾ?”

“ಅದು ಊಹೆ ಆಗುತ್ತೆ ತಾತ. ಬರೀಲಿಲ್ಲ.”

ಅಳಿಯ ಚಹಾ ನೆತ್ತಿಗೇರಿ ಕೆಮ್ಮುತ್ತಾ ಹೊರಗೆ ಹೋದ. ಯಜಮಾನಿ ಒದ್ದೆ ಕೈ ಒರೆಸಿಕೊಂಡು ಬಂದು, ಅದೇ ನಾಲ್ಕು ಮಾತನ್ನು ಮೊಮ್ಮಗಳ ಸಾಲಿನ ಕೆಳಗೆ ಮತ್ತೆ ಬರೆದರು. 213 ಕೂಡ ಹೋಯಿತು. 214ರಲ್ಲಿ ಬರೆದರು, ಅದೂ ಹೋಯಿತು. ಪುಟ ಹರಿದವನ ಸಂಬಳ ಕಡಿದು ಹಡಗಿನಲ್ಲೇ ಕೂಡಿಹಾಕಿದ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ ಮನುಷ್ಯ, ಈಗ ಸ್ವಂತ ಮನೆಯಲ್ಲಿ ಕಳ್ಳನ ಹಾಗೆ ಪುಟ ಕೀಳುತ್ತಿದ್ದರು. ಮೂರನೇ ವಾರ ಕಳೆಯುವಷ್ಟರಲ್ಲಿ ಪುಸ್ತಕ ಸಡಿಲವಾಗಿ, ಹೊಲಿಗೆ ಬಿಟ್ಟುಕೊಂಡು, ಬೆನ್ನು ಮುರಿದುಕೊಂಡಿತ್ತು. ಯಜಮಾನಿಯ ಅಕ್ಷರ ಮಾತ್ರ ದಿನದಿನಕ್ಕೆ ನೆಟ್ಟಗಾಗುತ್ತಿತ್ತು.

ಮಗಳು ಮೊದಲು ಇದನ್ನು ನಂಬಲಿಲ್ಲ. ಒಂದು ಬೆಳಿಗ್ಗೆ ಅಮ್ಮ ಐದನೇ ಸಲ ಬರೆಯುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಆ ದಿನ ತರಕಾರಿ ತಾನೇ ಹೆಚ್ಚಿಕೊಟ್ಟಳು.

ಇಪ್ಪತ್ತೇಳನೇ ತಾರೀಕು, ಭಾನುವಾರ, ಪಂಪು ಮತ್ತೆ ನಿಂತಿತು. ತೊಟ್ಟಿಯಲ್ಲಿ ಹನಿ ನೀರಿಲ್ಲ. ಬೆಳಗಿನ ಪಾತ್ರೆ ಹಾಗೇ ಬಿದ್ದಿದ್ದವು. “ಅವನಿಗೆ ಹೇಳಿಕಳಿಸು” ಎಂದರು ಕ್ಯಾಪ್ಟನ್, ಗೋಡೆಗೆ ಹೇಳುವ ಹಾಗೆ. ಸಿಟ್ಟು ಒಂದು ಕಡೆ, ನೀರು ಒಂದು ಕಡೆ.

ಬೋಲ್ಟಣ್ಣ ಬಂದು ಹಿಂಬಾಗಿಲು ತಟ್ಟಿದ. ಅಡುಗೆಮನೆಯ ಕಿಟಕಿಯಿಂದ ಯಜಮಾನಿಯ ದನಿ ಬಂತು. “ಆ ಬಾಗಿಲಿಗೆ ಚಿಲಕ ಹಾಕಿದ್ದೀನಿ. ಮುಂದಿನಿಂದ ಬನ್ನಿ.”

‘ಬನ್ನಿ’ ಎಂದಿದ್ದಕ್ಕೆ ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಿರಬೇಕು. ಆಮೇಲೆ ಮನೆ ಸುತ್ತಿ ಬಂದು, ಚಪ್ಪಲಿ ಬಿಟ್ಟು, ಹಜಾರದಲ್ಲಿ ಹೆಜ್ಜೆ ಅಳೆಯುತ್ತಾ ಕಾಲಿಟ್ಟ. ಬಲಗೈಯ ಕಟ್ಟು ಈಗ ಮೊಣಕೈವರೆಗೂ ಬಂದಿತ್ತು.

“ಮುಂಬಾಗಿಲಿನಿಂದ ಬಂದೋರು ಬರೀಬೇಕು” ಎಂದಳು ಮೊಮ್ಮಗಳು. ಅವಳ ಪಾಳಿ. ಪುಸ್ತಕ ತಿರುಗಿಸಿ ಅವನ ಮುಂದಿಟ್ಟಳು. ಪುಟ 218. ಯಜಮಾನಿ ಮುಂಜಾನೆಯೇ ಬರೆದು ಮುಗಿಸಿದ್ದರು.

ಬೋಲ್ಟಣ್ಣ ಬಗ್ಗಿ ಓದಿದ. ಓದುತ್ತಾ ತುಟಿ ಅಲುಗಿದವು. ಕ್ಯಾಪ್ಟನ್ ತಮ್ಮ ಕುರ್ಚಿಯಿಂದ ಎದ್ದು ಬಂದಿದ್ದರು. ಅಳಿಯ, ಮಗಳು ಅಡುಗೆಮನೆಯ ಬಾಗಿಲಲ್ಲಿ.

“ಇದು ತಪ್ಪು ಅಮ್ಮಾವ್ರೆ” ಎಂದ ಬೋಲ್ಟಣ್ಣ.

ಕ್ಯಾಪ್ಟನ್ನರ ಮುಖದಲ್ಲಿ ಜೀವ ಬಂತು. “ನೋಡಿದ್ರಾ? ಅವನೇ ಹೇಳ್ತಿದ್ದಾನೆ!”

“ಸಾರ್ ಬಾಗಿಲಲ್ಲಿ ನಿಂತಿದ್ರು ಅಂತ ಬರೆದಿದ್ದೀರಿ. ಬಾಗಿಲಲ್ಲಿ ನಾನೊಬ್ನೇ ಇದ್ದಿದ್ದು.” ಬೋಲ್ಟಣ್ಣ ಮೊದಲ ಸಲ ಅವರನ್ನು ನೇರವಾಗಿ ನೋಡಿದ. ದನಿ ಏರಲಿಲ್ಲ, ಆದರೆ ಕುತ್ತಿಗೆಯ ನರ ಉಬ್ಬಿತ್ತು. “ಮೂರು ಸಲ ಕೂಗಿದೆ ಸಾರ್. ಸಾರ್, ಸಾರ್, ಸಾರ್ ಅಂತ. ಆಮೇಲೆ ಇಳಿದೆ. ನನ್ನ ಕೈ ಕಟ್ಟು ಬಿಚ್ಚೋ ಹೊತ್ತಿಗೆ ನಿಮ್ಮ ಎದೆ ಮೇಲೆ ಪದಕ ಇತ್ತು. ನಾನು ಅದನ್ನ ಕೇಳಲಿಲ್ಲ. ಇವತ್ತಿಗೂ ಬೇಡ. ಹತ್ತೊಂಬತ್ತು ವರ್ಷ ನಿಮ್ಮ ಪಂಪು ಬಿಚ್ಚಿದೆ, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ನೀವು ಬಾಣಲೆ ಅಂದ್ರಿ, ನಾನು ಹಲ್ಲು ಕಿರಿದೆ. ನನ್ನ ಹೆಂಡತಿ ನನ್ನನ್ನ ಎಣ್ಣೆ ಚೆಲ್ಲಿಕೊಂಡ ದಡ್ಡ ಅಂದ್ಕೊಂಡೇ ಸತ್ತಳು. ನಾಳೆ ಆದ್ಮೇಲೆ ಕೈಯೂ ಹೋಗುತ್ತೆ. ಹೋಗೋ ಕೈ ದಡ್ಡನ ಕೈ ಆಗಿ ಹೋಗಬಾರದು, ಅಷ್ಟೇ. ಎಲ್ಲಿದ್ರಿ ಸಾರ್ ಅವತ್ತು?”

ಮೇಲೆ ಫ್ಯಾನು ತಿರುಗುತ್ತಿತ್ತು. ಹೊಲಿಗೆ ಬಿಟ್ಟ ಪುಟ ಪಟಪಟನೆ ಹಾರುತ್ತಿತ್ತು. ಬೋಲ್ಟಣ್ಣ ಎಡ ಅಂಗೈ ಊರಿ ಅದನ್ನು ಹಿಡಿದ.

“ತಪ್ಪಾಗಿದ್ರೆ ಗೆರೆ ಎಳೀಬೇಕು ತಾತ” ಎಂದಳು ಮೊಮ್ಮಗಳು. ಈಗ ಅವಳ ದನಿಯಲ್ಲಿ ತುಂಟತನ ಇರಲಿಲ್ಲ, ಅಳು ಇತ್ತು.

ಕ್ಯಾಪ್ಟನ್ ಪೆನ್ನು ತೆಗೆದುಕೊಂಡರು. ನಾಚಿಕೆಯೋ, ಸಾಕಾಯಿತೋ, ತಪ್ಪು ಬರವಣಿಗೆ ಕಣ್ಣೆದುರು ಇರುವುದನ್ನು ಸಹಿಸಲಾರದ ಹಳೇ ಅಭ್ಯಾಸವೋ, ಅದು ಅವರಿಗೇ ಗೊತ್ತು. ಗೆರೆ ನೇರವಾಗಿ ಬಂತು. ‘ಬಾಗಿಲಲ್ಲಿ’ ಎಂಬುದರ ಮೇಲೆ ಒಂದೇ ಗೆರೆ, ಕೆಳಗಿನದು ಓದಲು ಬರುವಂತೆ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಬರೆದರು: ‘ಮೂರು ಅಂತಸ್ತು ಮೇಲೆ, ಹೊರಗಿನ ಗಾಳಿಯಲ್ಲಿ.’ ಪಕ್ಕದಲ್ಲಿ ಕೊಕ್ಕೆ, ಎರಡು ಚುಕ್ಕೆ.

“ಕೆಳಗೂ” ಎಂದಳು ಮಗಳು. “ಪೂರ್ತಿ ಸಹಿ. ಹುದ್ದೆ, ತಾರೀಕು ಸಮೇತ.”

ಅದನ್ನೂ ಹಾಕಿದರು. ಮಗಳು ಬಂದು ಪುಸ್ತಕದ ಮೇಲೆ ಕೈಯಿಟ್ಟಳು. “ನಾಳೆ ಬೆಳಿಗ್ಗೆ ಕಚೇರಿಗೆ ನಾನೇ ಹೋಗ್ತೀನಿ ಬೋಲ್ಟಣ್ಣ. ಪುಟ ಹರಿಯಲ್ಲ. ಪುಸ್ತಕಾನೇ ತಗೊಂಡು ಹೋಗ್ತೀನಿ.”

ಯಜಮಾನಿ ಕನ್ನಡಕ ಹಾಕಿಕೊಂಡು ಬಂದು ಆ ತಿದ್ದುಪಡಿಯನ್ನು ಓದಿದರು. ಎರಡು ಸಲ ಓದಿದರು. ಬಾಗಿಲಲ್ಲಿ ನಿಂತವನನ್ನು ಅವರು ಮೂವತ್ತೊಂದು ವರ್ಷ ಕಷ್ಟಪಟ್ಟು ಕ್ಷಮಿಸಿದ್ದರು. ಹೆದರಿಕೆ ಯಾರಿಗಿಲ್ಲ, ಬಾಗಿಲವರೆಗಾದರೂ ಹೋದರಲ್ಲ ಅಂತ.

“ಇಲ್ಲಿ ಕೂತು ಅತ್ತಾಗಲೂ ಸುಳ್ಳು ಹೇಳಿದ್ರಾ?” ಎಂದರು. ಕ್ಯಾಪ್ಟನ್ ಪೆನ್ನನ್ನು ದಾರದ ಸಮೇತ ಮೇಜಿನ ಮೇಲಿಟ್ಟರು. ಯಜಮಾನಿ ಮೇಜಿನ ಮೂಲೆಯಲ್ಲಿ ಬಿಡಿಯಾಗಿ ಬಿದ್ದಿದ್ದ ಒಂಬತ್ತನೇ ಪದಕವನ್ನು ಎತ್ತಿ, ಪುಟ ಹಾರದ ಹಾಗೆ ಅದರ ಮೇಲಿಟ್ಟರು. ಆ ಪದಕದಿಂದ ಆದ ಉಪಯೋಗ ಅಂದರೆ ಅದೊಂದೇ.

ಬೋಲ್ಟಣ್ಣ ಕಣ್ಣೊರೆಸಿಕೊಂಡು ಸ್ಪ್ಯಾನರ್ ಚೀಲ ಎತ್ತಿಕೊಂಡ. “ಪಂಪು ನೋಡ್ಲಾ ಅಮ್ಮಾವ್ರೆ?”

“ಆ ಕೈಯಲ್ಲಿ ನೀವ್ಯಾಕೆ ನೋಡಬೇಕು? ಕೂತ್ಕೊಳ್ಳಿ” ಎಂದರು ಯಜಮಾನಿ. ಊಟದ ಮೇಜಿನ ತಲೆಯ ಕಡೆಯ ಕುರ್ಚಿ ಎಳೆದರು, ಅದು ಕ್ಯಾಪ್ಟನ್ನರದು. “ಚಹಾ ಕುಡಿದು ಹೋಗಿ. ನೀರು ಇವರು ಬೀದಿ ನಲ್ಲಿಯಿಂದ ಹೊತ್ಕೊಂಡು ಬರ್ತಾರೆ.”

ಕ್ಯಾಪ್ಟನ್ ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು. ಅಳಿಯ ಬಕೆಟ್ ಹಿಡಿಯಲು ಹೋದ. ಯಜಮಾನಿ ಕಣ್ಣಲ್ಲೇ ಅವನನ್ನು ತಡೆದರು. ಕ್ಯಾಪ್ಟನ್ ಅಡುಗೆಮನೆಗೆ ಹೋಗಿ, ಎರಡು ಬಕೆಟ್ ಎತ್ತಿಕೊಂಡು, ಚಿಲಕ ತೆಗೆದರು.

ಮೊಮ್ಮಗಳು ಮೂಗು ಒರೆಸಿಕೊಂಡು, ಪದಕವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಕಂಡದ್ದನ್ನು ಬರೆದಳು: ‘10.40. ಕ್ಯಾಪ್ಟನ್ ಹೊರಗೆ. ಎರಡು ಬಕೆಟ್. ಹಿಂಬಾಗಿಲಿನಿಂದ.’